ಹಾಸನಕ್ಕೊಂದು ತೊಂಬತ್ತು ನಿಮಿಷ: ಕ್ವಿಯರ್ ಕಿರುಚಿತ್ರೋತ್ಸವಕ್ಕೆ ಹೊರಟ ಹಂಚಿಕೆದಾರರಿಗೆ

ಗಾಂಧಿನಗರದ ಚಿತ್ರೋದ್ಯಮದ ಲೆಕ್ಕದಲ್ಲಿ ಹಾಸನ ಒಂಟಿ ಜಿಲ್ಲೆಯಲ್ಲ. ಮೈಸೂರು, ಮಂಡ್ಯಗಳ ಜೊತೆ ಸೇರಿಸಿ ಅದನ್ನು ಒಂದೇ ಏರಿಯಾ ಎಂದು ಮಾರುತ್ತಾರೆ. ಎಂ.ಜಿ. (ಮಿನಿಮಮ್ ಗ್ಯಾರಂಟಿ) ಕೊಟ್ಟೋ ಕಮಿಷನ್ ಮೇಲೋ ಹಂಚಿಕೆದಾರ ಅದನ್ನು ಹಿಡಿಯುತ್ತಾನೆ. ಶುಕ್ರವಾರ ಚಿತ್ರ ಜಿಲ್ಲಾ ಕೇಂದ್ರಕ್ಕೆ ಬರುತ್ತದೆ, ಮೂರು ದಿನದ ಕಲೆಕ್ಷನ್ ನೋಡಿ ಉಳಿಸುವುದೋ ಎತ್ತುವುದೋ ಎಂಬ ತೀರ್ಮಾನ ಸೋಮವಾರ ಆಗುತ್ತದೆ. ಈ ವ್ಯವಸ್ಥೆಯಲ್ಲಿ ಕಿರುಚಿತ್ರಕ್ಕೆ ಜಾಗವೇ ಇಲ್ಲ. ಹದಿನೈದು ನಿಮಿಷದ ಚಿತ್ರಕ್ಕೆ ಏರಿಯಾ ಇಲ್ಲ, ಷೋ ಇಲ್ಲ, ಟಿಕೆಟ್ ದರವೂ ಇಲ್ಲ. ಆ ಹದಿನೈದು ನಿಮಿಷ ಸಲಿಂಗಿಗಳದೋ ಟ್ರಾನ್ಸ್‌ಜೆಂಡರ್ ಸಮುದಾಯದ್ದೋ ಬದುಕಿನ ಕುರಿತದ್ದಾದರೆ, ಅದು ಬೆಂಗಳೂರಿನ ಎರಡು ಮೂರು ಸಭಾಂಗಣ ದಾಟಿ ಬರುವುದೇ ಅಪರೂಪ. ಬೇಲೂರು ಹಳೇಬೀಡಿಗೆ ಬಂದವರು ಹಾಸನದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಮೊಸಳೆ ಎಂಬ ಊರಿನ ಜೋಡಿ ಹೊಯ್ಸಳ ಗುಡಿಗಳನ್ನು ನೋಡದೆ ವಾಪಸಾಗುವಂತೆ, ಚಿತ್ರೋತ್ಸವಕ್ಕೆ ಬಂದ ಹಂಚಿಕೆದಾರರೂ ಪೂರ್ಣಪ್ರಮಾಣದ ಚಿತ್ರಗಳನ್ನಷ್ಟೇ ನೋಡಿ ಕಿರುಚಿತ್ರದ ಷೋ ಹೊತ್ತಿಗೆ ಎದ್ದು ಹೋಗುತ್ತಾರೆ. ಇದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟ ಎಂಬುದು ನನ್ನ ವಾದ. ಕ್ವಿಯರ್ ಕಿರುಚಿತ್ರೋತ್ಸವಕ್ಕೆ ಹಂಚಿಕೆದಾರ ಹೋಗಬೇಕು, ಹೋಗುವಾಗ ಒಂದು ಒಳ್ಳೆಯ ಚಿತ್ರ ಸಿಕ್ಕೀತೇ ಎಂದು ಹುಡುಕುವ ಬದಲು ಹಾಸನದಂಥ ಜಿಲ್ಲೆಗೆ ಒಯ್ಯಬಹುದಾದ ತೊಂಬತ್ತು ನಿಮಿಷದ ಒಂದು ಗುಚ್ಛ ಕಟ್ಟುವ ಉದ್ದೇಶ ಇಟ್ಟುಕೊಳ್ಳಬೇಕು. ನೋಡುವ ಕ್ರಮ, ಕೇಳುವ ಪ್ರಶ್ನೆ, ಮಾಡಿಕೊಳ್ಳುವ ಕರಾರು ಎಲ್ಲವೂ ಆ ಉದ್ದೇಶದಿಂದಲೇ ಹುಟ್ಟಬೇಕು.

ಗುಚ್ಛ ಎಂಬುದು ಕನ್ನಡಕ್ಕೆ ಹೊಸದೇನಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲಿ ‘ಕಥಾಸಂಗಮ’ದಲ್ಲಿ ಮೂರು ಬೇರೆ ಬೇರೆ ಕತೆಗಳನ್ನು ಒಂದೇ ಟಿಕೆಟ್ಟಿಗೆ ತೋರಿಸಿದರು. ಅದೇ ಹೆಸರಿನಲ್ಲಿ 2019ರಲ್ಲಿ ರಿಷಬ್ ಶೆಟ್ಟಿ ನಿರ್ಮಾಣದಲ್ಲಿ ಏಳು ನಿರ್ದೇಶಕರ ಏಳು ಕತೆಗಳು ಚಿತ್ರಮಂದಿರಕ್ಕೆ ಬಂದವು. ಹಿಂದಿಯಲ್ಲಿ ‘ಬಾಂಬೆ ಟಾಕೀಸ್’ (2013), ‘ಅಜೀಬ್ ದಾಸ್ತಾನ್ಸ್’ (2021) ಇದೇ ಜಾತಿಯವು. ಎರಡರಲ್ಲೂ ಒಂದೊಂದು ಸಲಿಂಗ ಪ್ರೇಮದ ಕತೆ ಇದೆ, ಮತ್ತು ಉಳಿದ ಕತೆಗಳಿಗೆಂದು ಬಂದವರೇ ಅದನ್ನೂ ನೋಡಿದರು. ಬ್ರಿಟನ್ನಿನ ಪೆಕಡಿಲೊ ಪಿಕ್ಚರ್ಸ್ ಎಂಬ ಹಂಚಿಕೆ ಸಂಸ್ಥೆ 2009ರಿಂದ ‘ಬಾಯ್ಸ್ ಆನ್ ಫಿಲ್ಮ್’ ಹೆಸರಿನಲ್ಲಿ ದೇಶ ದೇಶಗಳ ಗೇ ಕಿರುಚಿತ್ರಗಳನ್ನು ಸಂಪುಟಗಳಾಗಿ ಹೊರತರುತ್ತಿದೆ. ಬಿಡಿಯಾಗಿ ಯಾರೂ ಕೊಳ್ಳದ ಚಿತ್ರಗಳನ್ನು ಒಟ್ಟಿಗೆ ಕಟ್ಟಿದಾಗ ಕೊಳ್ಳುವವರು ಸಿಗುತ್ತಾರೆ ಎಂಬುದಕ್ಕೆ ಇಷ್ಟು ವರ್ಷ ನಡೆದುಬಂದ ಸರಣಿಗಿಂತ ಬೇರೆ ಸಾಕ್ಷಿ ಬೇಡ. ಸಿನಿಮಾದಾಚೆಯ ಒಂದು ಸಾಕ್ಷಿ ಹಾಸನದಲ್ಲೇ ಇದೆ. ಬಾನು ಮುಷ್ತಾಕ್ ಅವರ ಕತೆಗಳು ಕನ್ನಡದಲ್ಲಿ ಬೇರೆ ಬೇರೆ ಕಾಲದಲ್ಲಿ ಬಂದಂಥವು. ದೀಪಾ ಭಾಸ್ತಿ ಅವುಗಳಿಂದ ಹನ್ನೆರಡನ್ನು ಆರಿಸಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಆ ಪ್ರಶಸ್ತಿ ಸಣ್ಣಕತೆಗಳ ಸಂಕಲನಕ್ಕೆ ಬಂದದ್ದು ಅದೇ ಮೊದಲು. ಆರಿಸಿ, ಜೋಡಿಸಿ, ಒಂದು ಹೊದಿಕೆಯೊಳಗೆ ಇಡುವುದೂ ಒಂದು ಸೃಜನಶೀಲ ಕೆಲಸವೇ. ಹಂಚಿಕೆದಾರರು ಈ ಕೆಲಸವನ್ನು ತಮ್ಮದೆಂದು ಇನ್ನೂ ಭಾವಿಸಿಲ್ಲ.

ಯಾವ ಉತ್ಸವಕ್ಕೆ ಹೋಗಬೇಕು? ಹಾಸನ, ಚನ್ನರಾಯಪಟ್ಟಣದವರಿಗೆ ಹತ್ತಿರದ್ದು ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್. ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವ ಉತ್ಸವ ಇದು. ಹಲವು ಆವೃತ್ತಿಗಳು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ನಡೆದಿವೆ, ಪ್ರವೇಶ ಉಚಿತ. ಕುಣಿಗಲ್, ಶ್ರವಣಬೆಳಗೊಳ ಮಾರ್ಗದ ರೈಲು 2017ರಲ್ಲಿ ಶುರುವಾದ ಮೇಲೆ ಹೋಗಿಬರುವುದೂ ಹಗುರವಾಗಿದೆ. ಇಲ್ಲಿ ಮಾರುಕಟ್ಟೆಯ ಮಳಿಗೆ ಇರುವುದಿಲ್ಲ, ಕೊಳ್ಳುವವರಿಗೆಂದು ಬೇರೆ ಬ್ಯಾಡ್ಜೂ ಇಲ್ಲ. ಆದ್ದರಿಂದ ಹಂಚಿಕೆದಾರ ಅತಿಥಿಯ ಹಾಗೆ ಹೋಗಬೇಕು. ಮುಂಚೆಯೇ ಸಂಘಟಕರಿಗೆ ಪತ್ರ ಬರೆದು ತಾನು ಯಾರು, ಯಾವ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತೇನೆ, ಏನು ಹುಡುಕುತ್ತಿದ್ದೇನೆ ಎಂದು ತಿಳಿಸಿದರೆ ಅವರೇ ಸರಿಯಾದ ನಿರ್ದೇಶಕರ ಹತ್ತಿರ ಕರೆದೊಯ್ಯುತ್ತಾರೆ. ಮುಂಬಯಿಯ ಕಶಿಶ್ ಉತ್ಸವದ ಗಾತ್ರವೇ ಬೇರೆ. 2010ರಲ್ಲಿ ಶುರುವಾದಾಗಲೇ ಅದು ಮಲ್ಟಿಪ್ಲೆಕ್ಸಿನ ಪರದೆಯಲ್ಲಿ ನಡೆಯಿತು, ಕಿರುಚಿತ್ರಗಳಿಗೆ ಪ್ರತ್ಯೇಕ ಪ್ರಶಸ್ತಿಗಳಿವೆ, ನೋಂದಾಯಿಸಿಕೊಂಡು ಬರುವ ಚಿತ್ರೋದ್ಯಮದವರೂ ಇರುತ್ತಾರೆ. ಅದನ್ನು ಕಟ್ಟಿದ ಶ್ರೀಧರ್ ರಂಗಾಯನ್ ಮಂಡ್ಯ ಮೂಲದವರು. ಅವರ ‘ಈವನಿಂಗ್ ಶ್ಯಾಡೋಸ್’ (2018) ಹಿಂದಿ ಚಿತ್ರವಾದರೂ ಕತೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ, ಮಗ ತಾನು ಗೇ ಎಂದು ತಾಯಿಗೆ ಹೇಳುವ ಸಂಪ್ರದಾಯಸ್ಥ ಮನೆಯೊಂದರಲ್ಲಿ. ಕ್ವಿಯರ್ ಕತೆ ಮಹಾನಗರದ್ದು, ಇಂಗ್ಲಿಷಿನದ್ದು ಎಂದು ತಿಳಿದವರು ಗುಚ್ಛ ಕಟ್ಟುವ ಮುನ್ನ ಇದನ್ನು ನೋಡುವುದು ಒಳ್ಳೆಯದು. ಇನ್ನು ವಿದೇಶದ ಚಿತ್ರಗಳ ಮೇಲೆ ಕಣ್ಣಿಡುವವರು ಕ್ವಿಯರ್ ಕಿರುಚಿತ್ರಗಳಿಗೆ ದೊಡ್ಡ ಮೊತ್ತದ ಬಹುಮಾನ ಕೊಡುವ ಕಾರ್ಡಿಫ್‌ನ ಐರಿಸ್ ಪ್ರೈಜ್ ಪಟ್ಟಿಯನ್ನು ಪ್ರತಿವರ್ಷ ಗಮನಿಸಿದರೆ ಸಾಕು. ಅಲ್ಲಿಗೆ ವಿಮಾನ ಹತ್ತುವ ಅಗತ್ಯ ಜಿಲ್ಲೆಯ ಹಂಚಿಕೆದಾರರಿಗೆ ಇಲ್ಲ.

ಕಿರುಚಿತ್ರಗಳ ಲಿಂಕ್ ತರಿಸಿಕೊಂಡು ಮನೆಯಲ್ಲೇ ನೋಡಬಹುದಲ್ಲ, ಉತ್ಸವಕ್ಕೇ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಲಿಂಕಿನಲ್ಲಿ ಚಿತ್ರ ಸಿಗುತ್ತದೆ, ಪ್ರೇಕ್ಷಕ ಸಿಗುವುದಿಲ್ಲ. ನಗೆ ಎಲ್ಲಿ ಬಂತು, ಯಾವ ಮಾತಿಗೆ ಸಭೆ ಮೈಮರೆತು ಕೂತಿತು, ಯಾವ ದೃಶ್ಯದಲ್ಲಿ ಜನ ಮೊಬೈಲ್ ತೆಗೆದರು ಎಂಬುದನ್ನು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಬೇಕು. ಆರು ಚಿತ್ರಗಳ ಷೋದಲ್ಲಿ ಮೂರನೆಯದರ ಹೊತ್ತಿಗೆ ಸಭೆ ಬಳಲಿತೆ, ದುಃಖಾಂತದ ಎರಡು ಚಿತ್ರ ಒಂದರ ಹಿಂದೊಂದು ಬಂದಾಗ ಏನಾಯಿತು ಎಂಬುದು ನಿಮ್ಮ ಗುಚ್ಛದ ಕ್ರಮವನ್ನು ತೀರ್ಮಾನಿಸುತ್ತದೆ. ಆತ್ಮಹತ್ಯೆ, ಹೊಡೆತ, ಮನೆಯಿಂದ ಹೊರದೂಡುವಿಕೆಯ ಚಿತ್ರಗಳು ಈ ಉತ್ಸವಗಳಲ್ಲಿ ಬಹಳ, ಅವಕ್ಕೆ ಕಾರಣಗಳೂ ಇವೆ. ಆದರೂ ಹೊಳೆನರಸೀಪುರದ ಒಬ್ಬ ಹುಡುಗ ತನ್ನಂಥವರನ್ನು ಮೊದಲ ಸಲ ಪರದೆಯ ಮೇಲೆ ನೋಡುವಾಗ ಆರಕ್ಕೆ ಆರೂ ಶವಯಾತ್ರೆಯಲ್ಲಿ ಮುಗಿಯಬಾರದು. ನಗುವ, ಅಡುಗೆ ಮಾಡುವ, ಜಗಳವಾಡಿ ರಾಜಿಯಾಗುವ, ಮುದುಕರಾಗುವ ಜನರ ಚಿತ್ರಗಳನ್ನು ಹುಡುಕಿ ಸೇರಿಸುವುದು ಹಂಚಿಕೆದಾರನ ಜವಾಬ್ದಾರಿ ಎಂದೇ ನಾನು ತಿಳಿಯುತ್ತೇನೆ. ಸಭಾಂಗಣದಲ್ಲಿ ಕಡ್ಡಾಯವಾಗಿ ಪಾಲಿಸಬೇಕಾದ ಒಂದು ಶಿಸ್ತೂ ಇದೆ. ಸಭೆಯ ಫೋಟೊ ತೆಗೆಯಬಾರದು, ಸಂವಾದವನ್ನು ರೆಕಾರ್ಡ್ ಮಾಡಬಾರದು. ಅಲ್ಲಿ ಬಂದವರಲ್ಲಿ ಎಷ್ಟೋ ಜನ ಮನೆಗೆ, ಕಚೇರಿಗೆ ಹೇಳದೆ ಬಂದಿರುತ್ತಾರೆ.

ಚಿತ್ರ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟುವಾಗ ಹಂಚಿಕೆದಾರನ ಕಣ್ಣು ಕೊನೆಯ ಹೆಸರುಪಟ್ಟಿಯ ಮೇಲಿರಬೇಕು. ನಿರ್ಮಾಪಕರು ಯಾರು, ಸಿನಿಮಾ ಶಾಲೆಯ ಲಾಂಛನ ಇದೆಯೇ, ಹಾಡಿನ ಕೆಳಗೆ ಯಾವ ಕಂಪನಿಯ ಹೆಸರಿದೆ, ಎಷ್ಟು ಸಂಸ್ಥೆಗಳು ಹಣ ಕೊಟ್ಟಿವೆ ಎಂಬ ನಾಲ್ಕು ಸಂಗತಿ ಆ ಅರ್ಧ ನಿಮಿಷದಲ್ಲಿ ಸಿಗುತ್ತವೆ. ಕಿರುಚಿತ್ರಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಸಂಗೀತ. ಹಳೆಯ ಹಿಂದಿ ಹಾಡೊಂದು ರೇಡಿಯೋದಲ್ಲಿ ಕೇಳುವ ದೃಶ್ಯ ಎಲ್ಲ ಯುವ ನಿರ್ದೇಶಕರಿಗೂ ಪ್ರಿಯ, ಆದರೆ ಅನೇಕರು ಹಾಡಿಗೆ ಉತ್ಸವದ ಮಟ್ಟಿಗಷ್ಟೇ ಅನುಮತಿ ಪಡೆದಿರುತ್ತಾರೆ, ಕೆಲವರು ಅದನ್ನೂ ಪಡೆದಿರುವುದಿಲ್ಲ. ಟಿಕೆಟ್ ಇಟ್ಟು ತೋರಿಸಿದ ದಿನ ನೋಟಿಸ್ ಬರುವುದು ಹಂಚಿಕೆದಾರನ ಹೆಸರಿಗೆ. ಸಿನಿಮಾ ಶಾಲೆಯ ಚಿತ್ರವಾದರೆ ನಿರ್ದೇಶಕರ ಕೈಕುಲುಕಿ ಬಂದರೆ ಪ್ರಯೋಜನವಿಲ್ಲ. ಮೈಸೂರಿನ ಚಿದಾನಂದ ನಾಯ್ಕ ಕನ್ನಡದಲ್ಲಿ ಮಾಡಿದ ಹದಿನಾರು ನಿಮಿಷದ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆಯಿತು. ಅದು ಕ್ವಿಯರ್ ಚಿತ್ರವಲ್ಲ, ಆದರೆ ಪಾಠ ಇಲ್ಲೂ ಅನ್ವಯಿಸುತ್ತದೆ. ನಿರ್ಮಾಪಕರು ಪುಣೆಯ ಎಫ್‌ಟಿಐಐ, ಹಾಗಾಗಿ ಹಕ್ಕಿನ ಮಾತುಕತೆಯೂ ಆ ಸಂಸ್ಥೆಯೊಂದಿಗೇ ಆಗಬೇಕು.

ಕ್ವಿಯರ್ ಚಿತ್ರಗಳ ಕರಾರಿನಲ್ಲಿ ಮಾಮೂಲಿ ಕರಾರುಗಳಲ್ಲಿ ಇಲ್ಲದ ಒಂದು ಕಲಂ ಬೇಕೇಬೇಕು, ಅದು ಒಪ್ಪಿಗೆಯದು. ಕಥಾಚಿತ್ರದಲ್ಲಿ ನಟರು ಕೆಲಸವೆಂದು ಮಾಡಿರುತ್ತಾರೆ. ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಂಡವರು ತಮ್ಮ ಬದುಕನ್ನೇ ಕೊಟ್ಟಿರುತ್ತಾರೆ. ಬರ್ಲಿನ್ನಿನಲ್ಲಿ, ಮುಂಬಯಿಯಲ್ಲಿ ತೋರಿಸಲು ಒಪ್ಪಿದವರು ತಮ್ಮ ತಾಲ್ಲೂಕಿನಲ್ಲಿ ತೋರಿಸಲು ಒಪ್ಪಿದ್ದಾರೆ ಎಂದು ಭಾವಿಸುವಂತಿಲ್ಲ. ಬೆಂಗಳೂರಿನಲ್ಲಿ ಹೆಸರಿಲ್ಲದ ಮುಖ ಅರಕಲಗೂಡಿನಲ್ಲಿ ಇಂಥವರ ಮಗಳು, ಇಂಥ ಬೀದಿಯವಳು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಸಮ್ಮತಿಯ ಸಂಬಂಧವನ್ನು ಐಪಿಸಿಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟಿತು, ಆದರೆ ಅದರ ಹಿಂದಿನ ಚಿತ್ರಗಳಲ್ಲಿ ಕಾಣಿಸಿಕೊಂಡವರ ಮನೆಯೊಳಗಿನ ಪರಿಸ್ಥಿತಿ ತೀರ್ಪಿನೊಂದಿಗೆ ತಾನಾಗಿ ಬದಲಾಗುವುದಿಲ್ಲ. ಹೀಗಾಗಿ ನಿರ್ದೇಶಕರನ್ನು ಮೂರು ಪ್ರಶ್ನೆ ಕೇಳಬೇಕು: ಇದರಲ್ಲಿ ಕಾಣಿಸಿಕೊಂಡವರು ಈಗ ಎಲ್ಲಿದ್ದಾರೆ, ಜಿಲ್ಲೆಗಳಲ್ಲಿ ಪ್ರದರ್ಶನವಾಗುವುದು ಅವರಿಗೆ ಗೊತ್ತೇ, ಯಾವ ಊರು ಬೇಡ? ಬೇಡವೆಂದ ಊರುಗಳ ಪಟ್ಟಿ ಕರಾರಿನ ಭಾಗವಾಗಬೇಕು. ಯಾರಾದರೂ ಮುಂದೆ ಒಪ್ಪಿಗೆ ಹಿಂತೆಗೆದರೆ ಇಷ್ಟು ದಿನದೊಳಗೆ ಚಿತ್ರವನ್ನು ಗುಚ್ಛದಿಂದ ತೆಗೆಯುತ್ತೇವೆ ಎಂದು ಹಂಚಿಕೆದಾರ ಬರೆದುಕೊಡಬೇಕು. ವ್ಯಾಪಾರಕ್ಕೆ ಇದು ಅಡ್ಡಿಯಲ್ಲವೇ ಎಂದರೆ, ಹೌದು, ಅಡ್ಡಿಯೇ. ಆದರೆ ಒಂದು ಚಿತ್ರ ತೆಗೆದರೂ ಉಳಿದ ಐದು ಓಡುವುದು ಗುಚ್ಛದ ಅನುಕೂಲ. ಒಂದೇ ಚಿತ್ರವನ್ನು ಕೊಂಡವನು ಇಂಥ ಭರವಸೆ ಕೊಡಲಾರ. ಹಕ್ಕುಗಳ ವಿಷಯದಲ್ಲಿ ಉಳಿದದ್ದು ಸರಳ. ಕರ್ನಾಟಕದ ಮಟ್ಟಿಗೆ, ಎರಡು ವರ್ಷಕ್ಕೆ, ಸಭಾಂಗಣ ಮತ್ತು ಚಿತ್ರಮಂದಿರ ಪ್ರದರ್ಶನದ ಹಕ್ಕು, ಜೊತೆಗೆ ಕನ್ನಡ ಸಬ್‌ಟೈಟಲ್ ಹಾಕುವ ಹಕ್ಕು ಕೇಳಿದರೆ ಸಾಕು. ಒಟಿಟಿ ಹಕ್ಕನ್ನು ನಿರ್ದೇಶಕರಲ್ಲೇ ಬಿಡಿ, ಅವರೂ ಬದುಕಬೇಕು. ಸಬ್‌ಟೈಟಲ್ಲನ್ನು ಸಮುದಾಯದ ಒಬ್ಬರಿಂದ ಓದಿಸಿಯೇ ಅಂತಿಮಗೊಳಿಸಬೇಕು. ಬೈಗುಳವಾಗಿ ಬಳಕೆಯಾಗುವ ಪದ ಅರಿಯದೆ ಪರದೆಗೆ ಬಂದರೆ ಸಭೆಯಲ್ಲಿ ಕೂತವರಿಗೆ ಆಗುವ ನೋವನ್ನು ಆಮೇಲೆ ಸರಿಪಡಿಸಲಾಗದು.

ಉತ್ಸವದಿಂದ ವಾಪಸಾದವರು ಹೆಚ್ಚಾಗಿ ಎಡವುವುದು ಸರ್ಟಿಫಿಕೇಟ್ ವಿಷಯದಲ್ಲಿ. ಉತ್ಸವಗಳು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆದು ಸೆನ್ಸಾರ್ ಆಗದ ಚಿತ್ರಗಳನ್ನು ತೋರಿಸುತ್ತವೆ. ಆ ವಿನಾಯಿತಿ ಉತ್ಸವದೊಂದಿಗೇ ಮುಗಿಯುತ್ತದೆ, ಚಿತ್ರದ ಜೊತೆ ಹಾಸನಕ್ಕೆ ಬರುವುದಿಲ್ಲ. ಟಿಕೆಟ್ ಇಟ್ಟು ಸಾರ್ವಜನಿಕವಾಗಿ ತೋರಿಸಲು ಐದು ನಿಮಿಷದ ಚಿತ್ರಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಅರ್ಜಿ ಆನ್‌ಲೈನಿನಲ್ಲಿ. ಇದನ್ನು ಬರೀ ಕಾಗದದ ಕೆಲಸ ಎಂದುಕೊಳ್ಳಬಾರದು. ರಂಗಾಯನ್ ಅವರ ‘ಗುಲಾಬಿ ಆಯಿನಾ’ಕ್ಕೆ 2003ರಲ್ಲಿ ಮಂಡಳಿ ಪ್ರಮಾಣಪತ್ರ ನಿರಾಕರಿಸಿತ್ತು, ಹೊರದೇಶದ ಉತ್ಸವಗಳಲ್ಲಿ ಅದು ಪ್ರದರ್ಶನಗೊಳ್ಳುತ್ತಿತ್ತು. ಮೇಲ್ಮನವಿಗೆಂದು ಇದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದ ಮೇಲೆ ಈಗ ನೇರ ಹೈಕೋರ್ಟಿಗೇ ಹೋಗಬೇಕು, ಕಿರುಚಿತ್ರದ ಬಜೆಟ್ಟಿಗೆ ಅದು ಎಟುಕುವ ಮಾತಲ್ಲ. ಹಾಗಾಗಿ ಆರು ಚಿತ್ರಗಳನ್ನು ಒಂದೇ ಫೈಲಾಗಿ ಹೊಲಿದು ಅರ್ಜಿ ಹಾಕುವುದಕ್ಕಿಂತ ಒಂದೊಂದಕ್ಕೂ ಬೇರೆ ಪ್ರಮಾಣಪತ್ರ ಪಡೆಯುವುದು ಲೇಸು. ಶುಲ್ಕ ಸ್ವಲ್ಪ ಹೆಚ್ಚಾದರೂ ಒಂದು ಚಿತ್ರಕ್ಕೆ ‘ಎ’ ಬಂದರೆ, ಇಲ್ಲವೇ ತಡೆ ಬಿದ್ದರೆ, ಉಳಿದವು ಅದರೊಂದಿಗೆ ಸಿಕ್ಕಿಬೀಳುವುದಿಲ್ಲ. 2023ರ ತಿದ್ದುಪಡಿಯ ನಂತರ ಯುಎ ವರ್ಗವನ್ನು 7, 13, 16 ವಯಸ್ಸಿನ ಮೇಲೆ ಒಡೆದಿದ್ದಾರೆ, ಪ್ರಮಾಣಪತ್ರಕ್ಕೆ ಹತ್ತು ವರ್ಷದ ಮಿತಿಯೂ ಈಗ ಇಲ್ಲ. ಪಿಯು ಮಕ್ಕಳಿಗೆ ತೋರಿಸಬಹುದಾದ ಗುಚ್ಛ, ಪದವಿಯವರಿಗೆ ಮಾತ್ರದ ಗುಚ್ಛ ಎಂದು ಎರಡು ಬಗೆ ಕಟ್ಟಲು ಇದರಿಂದ ದಾರಿಯಾಗಿದೆ.

ಇಷ್ಟೆಲ್ಲ ಮಾಡಿದರೂ ಹಾಸನದಲ್ಲಿ ಇದನ್ನು ನೋಡುವವರು ಯಾರು ಎಂಬುದೇ ದೊಡ್ಡ ಆಕ್ಷೇಪ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1970ರ ದಶಕದಲ್ಲಿ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಲು ಹೊರಟಾಗಲೂ ಕೇಳಿಬಂದದ್ದು ಇದೇ ಪ್ರಶ್ನೆ. ಕೆ.ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು ಚಿತ್ರದ ಮುಂಚೆ ಕನ್ನಡದಲ್ಲಿ ಪರಿಚಯ ಹೇಳಿ, ಮುಗಿದ ಮೇಲೆ ಮಾತಾಡಿಸಿ ಪ್ರೇಕ್ಷಕರನ್ನು ತಯಾರು ಮಾಡಿದರು. ಕ್ವಿಯರ್ ವಸ್ತುವಿಗೂ ಕನ್ನಡದಲ್ಲಿ ಪ್ರೇಕ್ಷಕರಿದ್ದಾರೆ ಎಂಬುದಕ್ಕೆ ಆಧಾರಗಳಿವೆ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದು ಮರುಮುದ್ರಣಗಳನ್ನು ಕಂಡಿತು, ಅದನ್ನು ಓದಿದವರು ಬೆಂಗಳೂರಿನವರಷ್ಟೇ ಅಲ್ಲ. ಎ. ರೇವತಿಯವರ ಆತ್ಮಕಥೆ ಆಧರಿಸಿದ ‘ಬದುಕು ಬಯಲು’ ನಾಟಕವನ್ನು ಎಂ. ಗಣೇಶ್ ನಿರ್ದೇಶನದಲ್ಲಿ ಜನಮನದಾಟ ತಂಡ ಊರೂರಿಗೆ ಒಯ್ದಿತು. ‘ನಾನು ಅವನಲ್ಲ ಅವಳು’ ಚಿತ್ರದ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಇಷ್ಟರಿಂದ ಹಾಸನದಲ್ಲಿ ಚಿತ್ರಮಂದಿರ ತುಂಬುತ್ತದೆ ಎಂದು ನಾನು ಹೇಳುತ್ತಿಲ್ಲ. ತುಂಬಬೇಕಾದ್ದು ಎಂಟುನೂರು ಸೀಟಿನ ಟಾಕೀಸಲ್ಲ, ನೂರು ಸೀಟಿನ ಸಭಾಂಗಣ. ಮೊಸಳೆಹೊಸಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಬಂದು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳಿದ್ದಾರೆ, ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರ ಇದೆ, ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಗುಚ್ಛದ ಮೊದಲ ಹತ್ತು ಪ್ರದರ್ಶನಕ್ಕೆ ಇಷ್ಟು ಸಾಕು.

ಗಲಾಟೆ ಆದರೆ? ಭಯಕ್ಕೆ ಆಧಾರವಿದೆ. ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಿರಲಿಲ್ಲ, ಆದರೂ 1998ರ ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಗಳ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರತಿಭಟನೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಪ್ರಮಾಣಪತ್ರ ಪಡೆದ ಚಿತ್ರವನ್ನು ಹತ್ತಿಕ್ಕುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಎಸ್. ರಂಗರಾಜನ್ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. ಪ್ರಮಾಣಪತ್ರಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೂ ಹೌದು, ಠಾಣೆಗೆ ಮುಂಚಿತವಾಗಿ ಪತ್ರ ಕೊಡುವಾಗ ಅದರ ಪ್ರತಿ ಜೊತೆಗಿರಬೇಕು. ನನಗೆ ಹೆಚ್ಚು ಚಿಂತೆಯಿರುವುದು ಸದ್ದಿಲ್ಲದೆ ಆಗುವ ತೊಂದರೆಯ ಬಗ್ಗೆ. ಟಿಕೆಟ್ ಕೌಂಟರಿನಲ್ಲಿ ಹೆಸರು, ಮೊಬೈಲ್ ನಂಬರ್ ಬರೆಸುವ ಪುಸ್ತಕ ಇಡಬೇಡಿ. ಬಾಗಿಲಲ್ಲಿ ನಿಂತು ಫೋಟೊ ತೆಗೆಯುವ ಸ್ಥಳೀಯ ಯೂಟ್ಯೂಬ್ ಚಾನೆಲಿನವರಿಗೆ ಮೊದಲೇ ಮಿತಿ ತಿಳಿಸಿ. ಪೋಸ್ಟರಿನಲ್ಲಿ ನಟರಲ್ಲದವರ ಮುಖ ಬೇಡ. ಚಿತ್ರ ನೋಡಿ ಯಾರಾದರೂ ಸಹಾಯ ಕೇಳಿದರೆ ಎಲ್ಲಿಗೆ ಕಳಿಸಬೇಕು ಎಂಬುದು ಆಯೋಜಕರಿಗೆ ಗೊತ್ತಿರಬೇಕು. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ, ಬೆಂಗಳೂರಿನ ಸಮುದಾಯ ಸಂಘಟನೆಗಳೊಂದಿಗೆ ಉತ್ಸವದಲ್ಲೇ ಪರಿಚಯ ಮಾಡಿಕೊಂಡು ಬಂದಿದ್ದರೆ ಕೆಲಸ ಅರ್ಧ ಮುಗಿದಂತೆ.

ದುಡ್ಡಿನ ಮಾತನ್ನು ಕೊನೆಗಿಟ್ಟೆ. ಕಿರುಚಿತ್ರಗಳು ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುವಾಗ ನೂರು ರೂಪಾಯಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಪ್ರೇಕ್ಷಕರ ಸ್ಥಿತಿಯಲ್ಲೇ ಇದೆ. ಇಂಥ ಚಿತ್ರವನ್ನು ಮೊಬೈಲಿನಲ್ಲಿ ಹೊದಿಕೆಯೊಳಗೆ ಒಬ್ಬರೇ ನೋಡುವುದು ಬೇರೆ, ಅರವತ್ತು ಜನರ ನಡುವೆ ಕೂತು ಎಲ್ಲರೊಂದಿಗೆ ನಗುವುದು ಬೇರೆ. ಹಾಗಿದ್ದರೂ ಲೆಕ್ಕ ಸಣ್ಣದೇ. ಉದಾಹರಣೆಗೆ ಅರವತ್ತು ಟಿಕೆಟ್ಟಿಗೆ ತಲಾ ನೂರರಂತೆ ಆರು ಸಾವಿರ ಬಂದರೆ, ಸಭಾಂಗಣದ ಬಾಡಿಗೆ, ತೆರಿಗೆ, ಪ್ರಚಾರ ಕಳೆದು ಉಳಿಯುವುದು ಎರಡು ಮೂರು ಸಾವಿರ. ಹತ್ತು ಊರು ಸುತ್ತಿದರೂ ಇದೊಂದರಿಂದ ಕಚೇರಿ ನಡೆಯುವುದಿಲ್ಲ. ನಡೆಸಬೇಕಾದ್ದೂ ಇದೊಂದರಿಂದಲ್ಲ. ರೋಹನ್ ಕಾನವಡೆಯವರ ಮರಾಠಿ ಕಿರುಚಿತ್ರಗಳು ಕಶಿಶ್‌ನಂಥ ಉತ್ಸವಗಳಲ್ಲಿ ಓಡಾಡಿದ್ದವು. ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಸಾಬರ್ ಬೋಂಡ’ 2025ರಲ್ಲಿ ಸನ್‌ಡಾನ್ಸ್‌ನಲ್ಲಿ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಪಡೆದು ಅದೇ ವರ್ಷ ಭಾರತದ ಚಿತ್ರಮಂದಿರಗಳಿಗೂ ಬಂತು. ತಂದೆಯ ಸಾವಿನ ಹತ್ತು ದಿನದ ಸೂತಕ ಕಳೆಯಲು ಹಳ್ಳಿಗೆ ಬಂದ ಒಬ್ಬಾತನಿಗೂ ಅಲ್ಲಿನ ರೈತನಿಗೂ ನಡುವಿನ ಪ್ರೀತಿಯ ಕತೆ ಅದು. ಅಂಥ ನಿರ್ದೇಶಕರನ್ನು ಕಿರುಚಿತ್ರದ ಕಾಲದಲ್ಲೇ ಬಲ್ಲ ಹಂಚಿಕೆದಾರನಿಗೆ ಮುಂದಿನ ಚಿತ್ರದ ಮಾತು ಮೊದಲು ಬರುತ್ತದೆ. ಆ ನಂಟು ಉಳಿಯುವುದು ಲೆಕ್ಕ ಸರಿಯಾಗಿದ್ದರೆ ಮಾತ್ರ. ಗುಚ್ಛದ ಶೇರನ್ನು ನಿಮಿಷದ ಲೆಕ್ಕದಲ್ಲಿ ಹಂಚುವ ರೂಢಿಯೂ ಇದೆ, ನಾನು ಸಮಪಾಲಿನ ಪಕ್ಷ. ಎಂಟು ನಿಮಿಷದ ಚಿತ್ರವೊಂದು ಇಪ್ಪತ್ತು ನಿಮಿಷದ್ದಕ್ಕಿಂತ ಹೆಚ್ಚು ಜನರನ್ನು ಕರೆತರಬಲ್ಲದು. ಪ್ರತಿ ಪ್ರದರ್ಶನದ ಬಳಿಕ ಒಂದು ತಿಂಗಳೊಳಗೆ ಎಷ್ಟು ಟಿಕೆಟ್ ಹೋಯಿತು, ಖರ್ಚೆಷ್ಟು, ಅವರ ಪಾಲೆಷ್ಟು ಎಂಬ ಪಟ್ಟಿ ಆರೂ ನಿರ್ದೇಶಕರಿಗೆ ತಲುಪಬೇಕು, ಪಾಲು ಮುನ್ನೂರು ರೂಪಾಯಿಯಾದರೂ ಸರಿ. ಅದರ ಜೊತೆ ಸಂವಾದದಲ್ಲಿ ಊರಿನವರು ಕೇಳಿದ ಪ್ರಶ್ನೆಗಳನ್ನು, ಕೇಳಿದವರ ಹೆಸರಿಲ್ಲದೆ, ಬರೆದು ಕಳಿಸಿ.